ಒಂದೂವರೆ ಸುತ್ತು

ಓಡುವಾಗ ಓಡುತ್ತದೆ. ಕೋಡಿಬಾಗದ ತಿರುವಿನಲ್ಲಿ
ಕೈ ಸಡಿಲಿಸಿದರೆ ಸಾಕು, ಕೆಮ್ಮಿ ನಿಂತೇಬಿಡುತ್ತದೆ
ಐವತ್ತೆಂಟರ ಬಿಎಸ್‌ಎ. ಹಿಂದೆ ಮೀನುಲಾರಿಯ ಹಾರ್ನು.
ತಳ್ಳಿಕೊಂಡೇ ಬಂದೆ ದಿಗಂಬರ ಕೊಠಾರಕರನ ಶೆಡ್ಡಿಗೆ.

ಪ್ಲಗ್ ಬಿಚ್ಚಿ ಬಿಸಿಲಿಗೆ ಹಿಡಿದ. ಚಿಪ್ಪಿನ ಸುಣ್ಣದ ಬಿಳಿ.
“ಹೊಟ್ಟೆಗಿಲ್ಲ ಇದಕ್ಕೆ. ಬರೀ ಗಾಳಿ ಕುಡಿದಿದೆ.
ಸ್ಕ್ರೂ ಮುಟ್ಟಿದ್ದು ಯಾರು?”
ನಾನು ಕಾಳಿ ನದಿಯ ಕಡೆ ನೋಡಿದೆ.

ಕಾರ್ಬುರೇಟರ್ ಕಳಚಿ ಹಳೇ ಲುಂಗಿಯ ಮೇಲೆ ಹರಡಿದ:
ಫ್ಲೋಟು, ಸ್ಲೈಡು, ನೀಡಲ್ಲು, ಕೊನೆಗೆ
ಇರುವೆ ಕಣ್ಣಿನಷ್ಟು ತೂತಿನ ಪೈಲಟ್ ಜೆಟ್.
ಸೂಜಿ ಕೊಡಹೋದೆ. ಕೈಗೆ ತಟ್ಟಿದ.
ಹಿತ್ತಾಳೆ ಮೆತ್ತಗಂತೆ,
ಒಮ್ಮೆ ಹಿಗ್ಗಿದ ತೂತು ಕುಗ್ಗುವುದಿಲ್ಲವಂತೆ.

ದಂಡೆಯಲ್ಲಿ ಗಾಳ ಬಿಟ್ಟು ಕೂತ ಹುಡುಗನಿಂದ
ಒಂದು ಗೇಣು ತಂಗೂಸಿ ಈಸಿಕೊಂಡ.
ಪೋಣಿಸಿದ, ಎಳೆದ, ಊದಿದ.
ಉಗುರಿನ ಮೇಲೆ ಬಿತ್ತು
ಸಾಸಿವೆಯ ಕಾಲುಪಾಲು, ಹಸಿರು ಕಿಲುಬು.
ಇಷ್ಟಕ್ಕೇ ನಾನು ಮೂರು ರಾತ್ರಿ ನಿದ್ದೆಗೆಟ್ಟದ್ದು.

ಸ್ಕ್ರೂ ಪೂರ್ತಿ ಒಳಕ್ಕೆ, ಅಲ್ಲಿಂದ ಒಂದೂವರೆ ಸುತ್ತು ಹೊರಕ್ಕೆ.
ಟಿಕ್ಲರ್ ಒತ್ತಿದ, ಬೆರಳು ಪೆಟ್ರೋಲಿಗೆ ತೋಯುವವರೆಗೆ.
ಮೊದಲ ಕಿಕ್ಕಿಗೆ ಅದು ಅವನನ್ನೇ ಒದೆಯಿತು.
ಎರಡನೆಯದಕ್ಕೆ ಡಗ್, ಡಗ್, ಡಗ್.
ಕಿವಿ ಮಂದ ಅವನಿಗೆ. ಸೈಲೆನ್ಸರಿನ ಬಾಯಿಗೆ ಅಂಗೈ ಹಿಡಿದು
ಕಣ್ಣು ಮುಚ್ಚಿ, ಇನ್ನೊಂದು ಕೈಯಲ್ಲಿ
ಕೂದಲೆಳೆ ಒಳಗೆ, ಅರ್ಧ ಕೂದಲೆಳೆ ಹೊರಗೆ.

“ಸಂಜೆ ಭರತ ಏರಿದರೆ ಗಾಳಿ ಬದಲು. ಆಗ ಬೇರೆ ಕೇಳುತ್ತದೆ,
ಕೊಡು,” ಎಂದ.
ಹುಡುಗ ಬಂದು ತಂಗೂಸಿ ಮೂಸಿ ಬೈದ:
“ಪೆಟ್ರೋಲ್ ನಾತ! ಇನ್ನು ಯಾವ ಮೀನು ಕಚ್ಚುತ್ತದೆ?”