ಹತ್ತಿರದ ಬಾಕ್ಸು ಕಾಯಬೇಕು

ಅರಸೀಕೆರೆಯಲ್ಲಿ ಅಬ್ಬನ ಕಾಲದಿಂದ
ಮೈಕ್ ಸೆಟ್ಟು ಅಂದರೆ ನಮ್ಮದೇ.
ಮದುವೆ, ಉರುಸು, ಗಣಪತಿ, ಓಟು;
ವರ್ಷಕ್ಕೊಮ್ಮೆ, ಮಾಘದ ಚಳಿಯಲ್ಲಿ,
ಕಾಲೇಜು ಮೈದಾನದಲ್ಲಿ ಮೂರು ರಾತ್ರಿ ಸಂಗೀತ.
ಮಿಕ್ಸರಿನ ಮುಂದೆ ಕೂತು ಇಪ್ಪತ್ತೆರಡು ವರ್ಷ
ನನಗೆ ಕೇಳಿದ್ದೇ ಎಲ್ಲರಿಗೂ ಕೇಳುತ್ತದೆ ಅಂದುಕೊಂಡಿದ್ದೆ.

ಹೋದ ವರ್ಷ ಎರಡನೇ ರಾತ್ರಿ
ಸುಟ್ಟ ವೈರಿನ ವಾಸನೆ ಹಿಡಿದು ಹಿಂದಕ್ಕೆ ನಡೆದೆ,
ಸೋಫಾ ದಾಟಿ, ಕುರ್ಚಿ ದಾಟಿ, ಜಮಖಾನೆ ದಾಟಿ,
ಕೊಬ್ಬರಿ ಲಾರಿ ನಿಲ್ಲುವ ಕಾಂಪೌಂಡಿನ ತನಕ.
ಅಲ್ಲಿ ದೇವೀರಮ್ಮ, ಅವಳ ಕಡಲೆಕಾಯಿ ಗಾಡಿ.
‘ಏನ್ ಸಾಬ್ರೆ ನಿಮ್ ಸಂಗೀತ,
ಅವ್ನು ಬಾಯ್ ಮುಚ್ಚಿದ್ ಮ್ಯಾಲೂ ಹಾಡು ಬತ್ತಾನೇ ಇರ್ತದೆ.’
ನಕ್ಕೆ.
ಆಮೇಲೆ ನಿಂತು ಕೇಳಿದೆ.

ದೂರದಲ್ಲಿ ಬೆರಳುದ್ದದ ಒಬ್ಬ ಮನುಷ್ಯ
ತೊಡೆ ತಟ್ಟುತ್ತಾನೆ. ಒಂದು ಏಟು.
ಅವನ ಕೈ ಮೇಲೆದ್ದು ಹೋದ ಮೇಲೆ
ಅದೇ ಏಟು ಇನ್ನೊಂದು ಸಲ.
ಮೊದಲು ಹೇಳುವುದು ನಡುವೆ ಕಟ್ಟಿದ ನನ್ನ ಸಣ್ಣ ಬಾಕ್ಸು,
ಹಿಂದೆಯೇ ಏದುಸಿರು ಬಿಡುತ್ತ ಬರುವುದು
ವೇದಿಕೆಯ ದೊಡ್ಡ ಬಾಕ್ಸು.
‘ರಾಮ’ ಅಂದರೆ ‘ರಾಮರಾಮ’.
ಪುಣ್ಯ ಎರಡು ಪಟ್ಟು,
ಸಾಹಿತ್ಯ ಪೂರಾ ಕಲಸುಮೇಲೋಗರ.
ರೈಲ್ವೆ ಗೇಟಿನ ಅಂತೋಣಿಸಾಮಿ
ಯಾವ ಏಟಿಗೆ ತಾಳ ಹಾಕಲಿ ಅಂತ ತಿಳಿಯದೆ
ಕೈಯನ್ನು ಜೇಬಿಗೆ ಇಟ್ಟುಕೊಂಡಿದ್ದ.

ಕಮಿಟಿಯಲ್ಲಿ ಹೇಳಿದೆ.
ಕಮಾನಿಗೆ ಎಷ್ಟು, ಹಾರಕ್ಕೆ ಎಷ್ಟು, ಶಾಲಿಗೆ ಎಷ್ಟು,
ಲೆಕ್ಕ ಮುಗಿಸಿ ಕಾರ್ಯದರ್ಶಿ ಆರಾಧ್ಯರು ತಲೆ ಎತ್ತಿದರು:
‘ಹಿಂದೆ ಕೂರೋರು ಕೇಳೋಕೆ ಬರಲ್ಲ ಕಣಯ್ಯ, ಗಾಳಿಗೆ ಬರ್ತಾರೆ.’
ಸೋಫಾದವರು ಯಾಕೆ ಬರ್ತಾರೆ ಅಂತ
ನಾನು ಕೇಳಲಿಲ್ಲ.
ಹಿಂದಿನ ವರ್ಷದ ಬಾಡಿಗೆ ಬಾಕಿ ಇತ್ತು.

ಮಗಳು ಸಬೀಹಾ ಪಾಲಿಟೆಕ್ನಿಕ್ಕಿನಲ್ಲಿ ಎರಡನೇ ವರ್ಷ.
ಅವಳ ಗೆಳತಿಯ ಕೈಗೆ ಟೇಪಿನ ಒಂದು ತುದಿ ಕೊಟ್ಟು
ಬಿಸಿಲಲ್ಲಿ ಮೈದಾನ ಅಳೆದಳು.
ಅರವತ್ತೆಂಟು ಮೀಟರು.
ಸೆಕೆಂಡಿನ ಐದನೇ ಒಂದು ಪಾಲು.
‘ಅಬ್ಬಾ, ಹತ್ತಿರದ ಬಾಕ್ಸು ಕಾಯಬೇಕು.
ದೂರದ್ದು ಬರೋವರೆಗೂ ಬಾಯಿ ಬಿಡಬಾರದು.’
ಇಷ್ಟು ವರ್ಷ ನಾನು ಮಾಡಿದ್ದು ಒಂದೇ:
ಕೇಳದಿದ್ದರೆ ಸದ್ದು ಏರಿಸುವುದು.
ಕಾಯುವುದಕ್ಕೂ ಒಂದು ತಿರುಗಣೆ ಇದೆ ಅಂತ
ಯಾರೂ ಹೇಳಿರಲಿಲ್ಲ.
ತುಮಕೂರಿನಿಂದ ಹಳೆಯ ಮಿಷಿನ್ನು ತಂದೆ, ಕಂತಿನಲ್ಲಿ.

ಇನ್ನು ರೈಲು.
ಅಂತೋಣಿಸಾಮಿ ಆಹ್ವಾನ ಪತ್ರಿಕೆಯ ಬೆನ್ನ ಮೇಲೆ
ಪೆನ್ಸಿಲ್ಲಲ್ಲಿ ಎಲ್ಲ ಬರೆದುಕೊಟ್ಟ.
ಒಂಬತ್ತು ಹತ್ತಕ್ಕೆ ಉದ್ದದ ಗೂಡ್ಸು.
ಆ ಹೊತ್ತಿಗೆ ಸರಿಯಾಗಿ
ಅಧ್ಯಕ್ಷರ ಭಾಷಣ ಇಡಿಸಿದೆ.
ಯಾರಿಗೂ ನಷ್ಟವಾಗಲಿಲ್ಲ.

ಈ ವರ್ಷ, ಎರಡನೇ ರಾತ್ರಿ.
ಚಳಿ ಇಳಿದಂತೆ ಸದ್ದಿನ ಕಾಲೂ ಮರಗಟ್ಟುತ್ತದೆ,
ಹತ್ತು ಗಂಟೆಗೆ ಸಬೀಹಾ ತಿರುಗಣೆಯನ್ನು
ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿದಳು.
ನಾನು ಕಾಂಪೌಂಡಿಗೆ ಹೋಗಿ ನಿಂತೆ.
ಕಣ್ಣಿಗಿಂತ ಕಿವಿ ಅಲ್ಲಿ ಈಗಲೂ ಹಿಂದೆಯೇ,
ಅದಕ್ಕೆ ನನ್ನಲ್ಲಿ ಮದ್ದಿಲ್ಲ.
ಆದರೆ ಒಂದು ಮಾತು
ಒಂದೇ ಸಲ.
ಸಾವೇರಿ ಎತ್ತಿಕೊಂಡರು. ನಿಧಾನಕ್ಕೆ.
ಪಲ್ಲವಿ ಎರಡನೇ ಸುತ್ತಿಗೆ ಬಂದಾಗ
ಅಂತೋಣಿಸಾಮಿಯ ಕೈ ಜೇಬಿನಿಂದ ಹೊರಬಂತು.
ಸೋಫಾದವರಿಗೆ ಏನೂ ಬದಲಾದದ್ದು ಗೊತ್ತಿಲ್ಲ.
ಶೌಚಾಲಯದ ಬಲ್ಬು ಇನ್ನೂ ಹತ್ತುತ್ತಿಲ್ಲ,
ಹೆಣ್ಣುಮಕ್ಕಳು ಮೊಬೈಲ್ ಬೆಳಕು ಹಿಡಿದು ಹೋಗುತ್ತಾರೆ;
ಅದನ್ನು ಬರೆದುಕೊಂಡಿದ್ದೇನೆ.

‘ಈಗ ಹೆಂಗದೆ ದೇವೀರಮ್ಮ?’
ಪಾವು ಹಿಡಿದ ಕೈ ರಾಶಿಯ ಮೇಲೆ ಹಾಗೇ ನಿಂತಿತ್ತು.
ಸ್ವರ ಇಳಿಯುವ ತನಕ ಉತ್ತರ ಬರಲಿಲ್ಲ.
‘ಯಾಪಾರ ಕೆಡಿಸ್ಬುಟ್ರಿ ಸಾಬ್ರೆ,
ಜನ ಸುಲ್ಯೋದೇ ಮರ್ತವ್ರೆ.’

ಎರಡು ಪಾವು ಕೊಂಡೆ.
ಮನೆಗೆ ಬಂದು ನೋಡಿದರೆ
ಪೊಟ್ಟಣ ಬಿಚ್ಚೇ ಇರಲಿಲ್ಲ.