ಎರಡು ಕ್ಯಾಮೆರಾ, ಒಂದು ಸೀರೆ

ಶಿಡ್ಲಘಟ್ಟದ ಗೂಡು ಮಾರ್ಕೆಟ್ಟಿನ ಹಿಂದಿನ ಬೀದಿ,
ಮೊದಲ ಮಹಡಿಯಲ್ಲಿ ನಮ್ಮ ಸ್ಟುಡಿಯೋ.
ಕಿಟಕಿ ತೆಗೆದರೆ ಬೇಯುವ ಹುಳುವಿನ ವಾಸನೆ,
ಮುಚ್ಚಿದರೆ ಕಂಪ್ಯೂಟರಿನ ಬಿಸಿ.
ಅರ್ಧ ತೆಗೆದಿಟ್ಟು ಮುನಿನಾರಾಯಣಣ್ಣ
ಹನ್ನೆರಡು ವರ್ಷದಿಂದ ರಾಜಿಯಾಗಿದ್ದಾರೆ.

ಒಂದೇ ನಿಕಾಹ್, ಎರಡು ಕ್ಯಾಮೆರಾ.
ಹಳೆಯದು ಎಡಕ್ಕೆ,
ಚೀಟಿ ಎತ್ತಿ ತಂದ ಹೊಸದು ಬಲಕ್ಕೆ,
ಪರದೆ ಸೀಳಿ ಅಕ್ಕಪಕ್ಕ ಕೂರಿಸಿದ್ದೇನೆ.
"ಯಾವುದು ಚೆನ್ನಾಗಿದೆ ನೋಡಿ ಹೇಳಮ್ಮ,
ಹಳೇದನ್ನ ಚಿಂತಾಮಣಿಯವನು ಕೇಳ್ತಾವ್ನೆ."

ನಾನು ಮೊದಲು ನೋಡುವುದು ಕತ್ತಲೆಯನ್ನು.
ಬೆಳಕಲ್ಲಿ ಎಲ್ಲರೂ ಸಾಚಾಗಳೇ.
ಶಾಮಿಯಾನದ ಮೂಲೆ, ಕುರ್ಚಿ ಪೇರಿಸಿಟ್ಟ ಕಡೆ
ಹಳೆಯದರಲ್ಲಿ ರಾಗಿ ಚೆಲ್ಲಿದ ಹಾಗೆ ಕಾಳುಕಾಳು,
ಒಂದೊಂದು ಕಾಳಿಗೂ ಕೆಂಪು ನೀಲಿ ಹುಚ್ಚು.
ಹೊಸದರಲ್ಲಿ ಕತ್ತಲೆ
ಸಾರಿಸಿದ ಅಂಗಳದಂತೆ ನುಣ್ಣಗೆ.
ಆಮೇಲೆ ಬಿಳಿ. ಮದುಮಗನ ಶೇರ್ವಾನಿ
ಎಡಕ್ಕೆ ಸುಟ್ಟು ಸುಣ್ಣ,
ಬಲಕ್ಕೆ ಗುಂಡಿ ಎಣಿಸಬಹುದು, ಒಂಬತ್ತು,
ಮೇಲಿನಿಂದ ಮೂರನೆಯದರ ದಾರ ಸಡಿಲ.
ಕ್ಯಾಮೆರಾ ಸರ್ರನೆ ತಿರುಗಿದಾಗ
ಎರಡರಲ್ಲೂ ಕಂಬಗಳು ವಾಲುತ್ತವೆ,
ಹಳೆಯದರಲ್ಲಿ ತುಸು ಹೆಚ್ಚು,
ಬಾರು ಮುಚ್ಚಿದ ಮೇಲೆ ಮನೆಗೆ ಹೊರಟವರ ಹಾಗೆ.
ಅಂಕ ಬರೆಯುತ್ತಾ ಬಂದೆ. ಹೊಸದು ಗೆಲ್ಲುತ್ತಿತ್ತು.

ಸಾದತ್ ಸಾಹೇಬರು ಮೆಟ್ಟಿಲು ಹತ್ತಿ ಬಂದರು.
ಹೆಣ್ಣಿನ ತಂದೆ,
ಆರು ಬೇಸಿನ್ನಿನ ನೂಲು ಬಿಚ್ಚಾಣಿಕೆ ಅವರದು.
ಬಾಕಿ ಕೊಡಲು ಬಂದವರು ನಿಂತೇ ನೋಡಿದರು.
ಅವರ ಮನೆಯಾಕೆ ಖಮರುನ್ನೀಸಾ
ಮಗಳ ತಲೆಯ ಮೇಲೆ ಸೆರಗು ಸರಿ ಮಾಡುವ ಶಾಟ್.

"ಸೀರೆ ಮೇಲೆ ಇದೇನು, ನೀರು ಓಡ್ತಾ ಇದೆ?"

ಎಳೆ ತೀರಾ ಸಣ್ಣದಿದ್ದರೆ
ಹಳೇ ಕ್ಯಾಮೆರಾಗೆ ಎಣಿಸೋಕೆ ಬರಲ್ಲ ಸಾಹೇಬ್ರೆ,
ತೋಚಿದ ಪಟ್ಟೆ ತಾನೇ ಬರೆದುಬಿಡುತ್ತೆ, ಅಂದೆ.

"ಎಣಿಸೋಕೆ ಬರದಿದ್ರೆ ಸುಮ್ಮನಿರಬೇಕು.
ನಮ್ಮ ಬೇಸಿನ್ನಿನ ನೂಲು ಇದು,
ಧರ್ಮಾವರಕ್ಕೆ ಹೋಗಿ ಸೀರೆಯಾಗಿ ಬಂದಿದೆ.
ಇದರಲ್ಲಿ ಅಲೆ ಎಲ್ಲಿದೆ?"

ನಾರಾಯಣಣ್ಣ ಆಗಲೇ ಫೋನಿನಲ್ಲಿ
ಚಿಂತಾಮಣಿಯವನ ನಂಬರು ಹುಡುಕುತ್ತಿದ್ದರು.

ಸಾಹೇಬರು ಬಲಕ್ಕೆ ಸರಿದರು.
ಬಗ್ಗಿದರು. ಕನ್ನಡಕ ಒರೆಸಿಕೊಂಡು ಮತ್ತೆ ಬಗ್ಗಿದರು.
"ಸೀರೆ ಸರಿಯಾಗಿದೆ.
ಈ ಕೈ ಯಾರದು?"

ಹಿಗ್ಗಿಸಿದೆ. ಇನ್ನೂ ಹಿಗ್ಗಿಸಿದೆ.
ಮೂವತ್ತು ವರ್ಷ ಬಿಸಿನೀರಿನಲ್ಲಿ
ಗೂಡಿನ ಎಳೆಯ ತುದಿ ಹುಡುಕಿದ ಬೆರಳುಗಳು,
ಒಡೆದು, ಸುಲಿದು, ಗೆರೆ ಮೇಲೆ ಗೆರೆ.
ಸೆರಗಿನ ನೆರಳಲ್ಲಿ ಆ ಗೆರೆಗಳನ್ನೂ
ಕೊಳೆಯೆಂದೇ ಬಗೆದು ಹೊಸ ಕ್ಯಾಮೆರಾ
ಒರೆಸಿ ಇಟ್ಟಿತ್ತು. ಮೇಣದ ಬೆರಳು.
ಎಡಗಡೆ, ಆ ರಾಗಿಕಾಳಿನ ಗಲಾಟೆಯೊಳಗೆ
ಕೈ ಇತ್ತು. ಹಾಗೇ ಇತ್ತು.

ನಾನು ಬರೆದ ಅಂಕಗಳನ್ನು ನೋಡಿದೆ.
ಕೈಗೆಂದು ಒಂದು ಸಾಲು ಹಾಕಿರಲಿಲ್ಲ.

"ಅವಳನ್ನೇ ಕೇಳಿ ಹೇಳ್ತೀನಿ," ಎಂದು
ನೋಟುಗಳನ್ನು ಎರಡು ಸಲ ಎಣಿಸಿಟ್ಟು ಹೋದರು.

ರಾತ್ರಿ ಫೋನು ಮಾಡಿದ್ದು ಆಕೆಯೇ.
ಹಳೆಯದನ್ನೇ ಹಾಕೋಣ ಅಮ್ಮಾ, ಎಂದು ನಾನು
ಬಾಯಿ ತೆಗೆಯುವಷ್ಟರಲ್ಲಿ
"ಆ ನುಣ್ಣನೆ ಕೈ ಇದೆಯಂತಲ್ಲ, ಅದನ್ನೇ ಹಾಕು ಬೇಟಿ.
ಈ ಕೈ ಮನೇಲಿ ದಿನಾ ನೋಡ್ತೀನಿ."
ನಕ್ಕರು. ಹಿಂದೆಲ್ಲೋ ಪಾತ್ರೆ ಬಿದ್ದ ಸದ್ದು.

ಬೆಳಗ್ಗೆ ಮಾರ್ಕೆಟ್ಟಿನ ಬಾಗಿಲಲ್ಲಿ
ಯಾರೋ ಲಾಟಿನಿಂದ ಒಂದು ಗೂಡು ಹೆಕ್ಕಿ
ಕಿವಿಯ ಪಕ್ಕ ಹಿಡಿದು ಅಲ್ಲಾಡಿಸುತ್ತಿದ್ದ.
ಒಳಗಿನ ಹುಳು ಕಟಕಟ ಅಂದರೆ ಒಳ್ಳೇ ಗೂಡು,
ಸದ್ದಿಲ್ಲದಿದ್ದರೆ ಕರಗಿ ಅಂಟಿಕೊಂಡಿದೆ, ಬೇಡ.

ಜೇಬಿನಲ್ಲಿದ್ದ ಮೆಮೊರಿ ಕಾರ್ಡು ತೆಗೆದು
ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು
ನಾನೂ ಒಮ್ಮೆ ಅಲ್ಲಾಡಿಸಿದೆ.