ಒಳಗೆ ತಿಂಡಿ ತರಬಾರದು

ಸಿದ್ದಾಪುರದ ಅರಿವು ಕೇಂದ್ರದ ಬಾಗಿಲಿಗೆ
ನಾನೇ ಬರೆದು ಅಂಟಿಸಿದ ಚೀಟಿ:
"ಒಳಗೆ ತಿಂಡಿ ತರಬಾರದು."
ಅದನ್ನು ಓದದೆ, ಓದಲು ಬಾರದೆ,
ರೈಸ್ ಮಿಲ್ಲಿನ ಮೊದಲ ಪಾಳಿ ಮುಗಿಸಿ
ಹುಲಿಗೆಮ್ಮ ಒಳಗೆ ಬಂದಳು, ಹುಬ್ಬಿನ ಮೇಲೆ ತೌಡು.

"ಸರ್ರ, ಆ ಪೆಟ್ಟಿಗ್ಯಾಗ ಸ್ವಲ್ಪ ಹುಡುಕ್ರಿ.
ಧೂಳಿಗೆ ಕೈಗೆಲ್ಲ ತಿಂಡಿ ಬಿಟ್ಟೈತಿ,
ರಾತ್ರಿ ನಿದ್ದಿ ಇಲ್ಲ."

ನಾನು ಹಳೆಯ ಅಭ್ಯಾಸದವ. ಹೇಳಿದ್ದನ್ನು ಹಾಗೇ ಒತ್ತಿದೆ:
ಕೈ, ತಿಂಡಿ, ರಾತ್ರಿ.
ಬಂದವು:
ಹತ್ತು ನಿಮಿಷದಲ್ಲಿ ಅವಲಕ್ಕಿ,
ರಾತ್ರಿ ಉಳಿದ ಅನ್ನಕ್ಕೆ ಒಗ್ಗರಣೆ,
ಮೈಸೂರು ಕಡೆಯ ಒಬ್ಬಾಕೆ ನಗುತ್ತ ಹಿಡಿದ
ತಟ್ಟೆ ಇಡ್ಲಿ, ಮೇಲೆ ಬೆಣ್ಣೆ.
ಹುಲಿಗೆಮ್ಮ ಪರದೆ ನೋಡಿದಳು, ನನ್ನ ನೋಡಿದಳು.
"ಉಂಡು ಬಂದೀನ್ರೀ," ಅಂದಳು.

ಕೊಪ್ಪಳದ ತರಬೇತಿಯಲ್ಲಿ, ಊಟದ ನಂತರದ ತೂಕಡಿಕೆಯಲ್ಲಿ
ಒಬ್ಬ ಹುಡುಗ ಹೇಳಿದ್ದ: ಇನ್ನೊಂದು ನಮೂನಿ ಹುಡುಕಾಟ ಐತ್ರಿ,
ಅದು ಪದದ ಬೆನ್ನು ಹತ್ತೂದಿಲ್ಲ,
ಪದ ಎಲ್ಲಿಗೆ ಹೊಂಟಿತ್ತು ಅಂತ ಕೇಳತೈತಿ.
ಅದರ ಲೆಕ್ಕದಾಗ ಒಂದೊಂದು ಮಾತಿಗೂ ಒಂದು ಜಾಗ,
ಅರ್ಥ ಹತ್ತಿರ ಇದ್ದವೆಲ್ಲ ಒಂದೇ ಓಣಿ,
ಅಕ್ಷರ ಬ್ಯಾರೆ ಇದ್ರೂ ನೀರು ಒಂದೇ ನಲ್ಲೀದು.
ನಾನು ಬರೆದುಕೊಂಡದ್ದು ಅಷ್ಟೇ. ಅದರ ಕೆಳಗೆ
ಗಂಗಾವತಿ ಬಸ್ಸು, ೪.೪೦.

ಆ ಕಿಟಕಿ ತೆರೆದು, ಮೈಕು ಮುಂದಿಟ್ಟು
"ನೀನೇ ಹೇಳವ್ವ" ಅಂದೆ.
ಯಂತ್ರಕ್ಕೂ ಮರ್ಯಾದೆ ಕೊಟ್ಟು,
"ನೋಡ್ರಿ," ಅಂದಳು, "ಹೊಟ್ಟು ಹಾರೂ ಕಡೆ ನಿಂತರ
ಕೈ ಮ್ಯಾಲ ಇರಿವಿ ಹರದಂಗ ಅಕ್ಕೈತಿ,
ಕೆರದಷ್ಟೂ ಕೆರೀಬೇಕನಸ್ತೈತಿ."
ತಿಂಡಿ ಅನ್ನಲಿಲ್ಲ. ಇಡ್ಲಿಗೆ ಹೆದರಿದ್ದಳು.

ಬಂದ ಪುಟದಲ್ಲಿ ಇರುವೆ ಇರಲಿಲ್ಲ,
ಹರಿಯುವುದೂ ಇರಲಿಲ್ಲ.
ಧಾನ್ಯದ ಧೂಳಿನಿಂದ ಚರ್ಮದ ಉರಿಯೂತ:
ಯಾವುದೋ ಊರಿನ ವೈದ್ಯೆ ಬರೆದದ್ದು,
ಒಂದು ಶಬ್ದವೂ ಸಿದ್ದಾಪುರದ್ದಲ್ಲ.
ನಾನು ಓದುತ್ತ ಹೋದಂತೆ ಹುಲಿಗೆಮ್ಮ
"ಹೌದ್ರಿ, ಹಂಗ ನೋಡ್ರಿ" ಎನ್ನುತ್ತ
ತನ್ನ ಕೈಯನ್ನು ತಾನು ಓದಿಕೊಂಡಳು.
ತಣ್ಣೀರು. ಉದ್ದ ತೋಳು. ಕೈಗವಸು.
ಗುಣವಾಗದಿದ್ದರೆ ದವಾಖಾನೆ.

"ಕೈಗವಸು ಅಂದ್ರ?"
ಚಿತ್ರ ತೋರಿಸಿದೆ. ನಕ್ಕಳು. "ಇವನ್ನ ಯಾರು ಕೊಡ್ತಾರ?"
ಕೇಳಿದ್ದು ನನ್ನನ್ನು. ಮೈಕು ಇನ್ನೂ ತೆರೆದಿತ್ತು.
ಯಂತ್ರ ತಾನೂ ಕೇಳಿಸಿಕೊಂಡು
ಕಾರ್ಮಿಕರ ಸುರಕ್ಷತೆಯ ನಿಯಮ ತಂದಿಟ್ಟಿತು:
ಕೊಡತಕ್ಕವನು ಮಾಲೀಕ. ಕೊಡದಿದ್ದಲ್ಲಿ ಅರ್ಜಿ.
ಎರಡು ಹಾಳೆ ಮುದ್ರಿಸಿಕೊಟ್ಟೆ, ಮಸಿ ತೆಳ್ಳಗೆ.
ಮಡಚಿ ಎಲಿಅಡಿಕಿ ಚೀಲಕ್ಕೆ ಸೇರಿಸಿ,
"ನಾಳೆ ಖಾಜಾಬಿನ್ನೂ ಕರಕೊಂಡು ಹೊಕ್ಕೀನಿ.
ತಿಂಡಿ ಈಗ ಯಾರಿಗೆ ಹತ್ತತೈತಿ ನೋಡೂಣು."

ಅವಳು ಹೋದ ಮೇಲೂ ಕರೆಂಟು ಇತ್ತು.
ಸುಮ್ಮನೆ ಎರಡು ಪದ ಕೊಟ್ಟೆ: ಹೊಟ್ಟು, ಹೊಟ್ಟೆ.
ನಿಘಂಟಿನಲ್ಲಿ ಭುಜಕ್ಕೆ ಭುಜ ತಾಗಿ ಕೂತವು.
ಒಂದಕ್ಕೆ ಇಟ್ಟಿಗೆ ಭಟ್ಟಿ, ಬೂದಿ, ಬಾಯ್ಲರು ಬಂತು,
ಇನ್ನೊಂದಕ್ಕೆ ಅಜೀರ್ಣ, ಬಸಿರು, ಹಸಿವು.
ನಡುವೆ ಹಾದಿಯೇ ಇಲ್ಲದಷ್ಟು ದೂರ.
ಜಾಣ ಯಂತ್ರ, ಒಪ್ಪಿದೆ. ಆದರೆ ಅದು
ಕಾರಟಗಿ ರಸ್ತೆಯಲ್ಲಿ ಸಂಜೆ
ಬುತ್ತಿ ಡಬ್ಬಿ ಹಿಡಿದು ಬರುವವರನ್ನು ಕಂಡಿಲ್ಲ.
ಆ ಎರಡೂ ಇಲ್ಲಿ ಒಂದೇ ಸೀರೆ ಉಟ್ಟು ನಡೆಯುತ್ತವೆ.

ರಿಜಿಸ್ಟರು ತುಂಬಬೇಕು. ಹೆಸರು: ಹುಲಿಗೆಮ್ಮ.
ಸಹಿ: ಹೆಬ್ಬೆಟ್ಟು, ಗೆರೆಗಳ ನಡುವೆಯೂ ಧೂಳು.
ಬಂದ ಉದ್ದೇಶ:
ತುರಿಕೆ ಎನ್ನಬಹುದಿತ್ತು. ಚರ್ಮರೋಗ ಎಂದೂ.
ತಿಂಡಿ, ಎಂದು ಬರೆದೆ.
ಮುಂದಿನ ತಿಂಗಳು ತಪಾಸಣೆಗೆ ಬರುವ
ಮಂಡ್ಯ ಕಡೆಯ ಸಾಹೇಬರು
ಒಮ್ಮೆ ಈ ಸಾಲು, ಒಮ್ಮೆ ಬಾಗಿಲ ಚೀಟಿ ನೋಡಿ
ಬೇಕಾದರೆ ಕಾರಣ ಕೇಳಿ ನೋಟಿಸು ಕೊಡಲಿ.
ಕಾರಣವನ್ನಾದರೂ ಒಬ್ಬರು ಕೇಳಿದಂತಾಯಿತು.